ಬಿಚ್ಚಿ ಜೋಡಿಸಬಹುದಾದ ಗಡಿಯಾರ

ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೆ ಮಕ್ಕಳಿಗೆ ಏನು ಕೊಡಿಸಬೇಕು? ಸಂಜಯನಗರದ ಮನೆಗಳಲ್ಲಿ ಇಂದು ಈ ಪ್ರಶ್ನೆಗೆ ಮೊಬೈಲ್ ಇಲ್ಲವೇ ಸ್ಮಾರ್ಟ್‌ವಾಚ್ ಎಂಬ ಉತ್ತರ ಬರುವುದೇ ಹೆಚ್ಚು. ಒಂದು ಕಾಲಕ್ಕೆ ಇದರ ಉತ್ತರ ಇಲ್ಲಿಂದ ಹೆಚ್ಚು ದೂರವಿಲ್ಲದ ಜಾಲಹಳ್ಳಿಯಲ್ಲೇ ತಯಾರಾಗುತ್ತಿತ್ತು. ಎಸ್ಸೆಸ್ಸೆಲ್ಸಿ ಪಾಸಾದವರಿಗೆ, ಮದುವೆಯ ಗಂಡಿಗೆ, ನಿವೃತ್ತರಾದ ಮೇಷ್ಟರಿಗೆ ಎಚ್‌ಎಂಟಿ ಕೈಗಡಿಯಾರ ಬಲು ಮೆಚ್ಚಿನ ಉಡುಗೊರೆಯಾಗಿತ್ತು.

ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಲ್ಲಿ 1961ರಲ್ಲಿ ಎಚ್‌ಎಂಟಿ ಇಲ್ಲಿ ಗಡಿಯಾರ ತಯಾರಿಕೆ ಆರಂಭಿಸಿತು. ಮೊದಲ ಗಡಿಯಾರಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ. ಅಂದು ಅದೂ ಹೊಸ ತಂತ್ರಜ್ಞಾನವೇ. ಆದರೆ ಅದರ ಒಳಗುಟ್ಟು ಸರಳ. ‘ಜನತಾ’ದಂಥ ಗಡಿಯಾರಕ್ಕೆ ಬೆಳಗ್ಗೆ ಕೀ ಕೊಟ್ಟರೆ ಸ್ಪ್ರಿಂಗು ಬಿಗಿಯಾಗಿ ಸುತ್ತಿಕೊಳ್ಳುತ್ತದೆ. ಅದು ನಿಧಾನವಾಗಿ ಬಿಚ್ಚಿಕೊಳ್ಳುತ್ತಾ ಹಲ್ಲಿನ ಚಕ್ರಗಳನ್ನು ತಿರುಗಿಸುತ್ತದೆ. ಅತ್ತಿತ್ತ ತೂಗುವ ಪುಟ್ಟ ಚಕ್ರವೊಂದು ಆ ಓಟವನ್ನು ಹಿಡಿತದಲ್ಲಿಡುತ್ತದೆ. ಬ್ಯಾಟರಿ ಬೇಡ, ಚಾರ್ಜರ್ ಬೇಡ. ಅಂಧರಿಗೆಂದು ಮಾಡಿದ ಬ್ರೈಲ್ ಗಡಿಯಾರದಲ್ಲಿ ಗಾಜಿನ ಮುಚ್ಚಳ ತೆರೆದು, ಮುಳ್ಳುಗಳನ್ನು ಬೆರಳಿನಿಂದ ಮುಟ್ಟಿಯೇ ಹೊತ್ತು ತಿಳಿಯಬಹುದಿತ್ತು.

ಹಳೆಯದೆಲ್ಲ ಚಿನ್ನವೆಂದು ಹೇಳಲು ಹೊರಟಿಲ್ಲ. ಸೆಕೆಂಡಿಗೆ 32,768 ಬಾರಿ ಕಂಪಿಸುವ ಹರಳಿನ ಕ್ವಾರ್ಟ್ಸ್ ಗಡಿಯಾರ ನಿಖರತೆಯಲ್ಲಿ ಕೀ ಕೊಡುವ ಗಡಿಯಾರವನ್ನು ಸೋಲಿಸಿತು. ಕೊಳ್ಳುವವರು ಅತ್ತ ವಾಲಿದರು. ನಷ್ಟದಲ್ಲಿದ್ದ ಎಚ್‌ಎಂಟಿ ವಾಚಸ್ ಕಂಪೆನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ಒಪ್ಪಿಗೆ ನೀಡಿತು.

ಆದರೆ ಕಂಪೆನಿ ಮುಚ್ಚಿದರೂ ಅದರ ಗಡಿಯಾರಗಳು ಎಷ್ಟೋ ಮನೆಗಳಲ್ಲಿ ಓಡುತ್ತಲೇ ಇವೆ. ಕಾರಣ ಇಷ್ಟೆ: ಹಿಂದಿನ ಮುಚ್ಚಳ ತೆಗೆದರೆ ಒಳಗಿನ ಕೆಲಸವೆಲ್ಲ ಕಣ್ಣಿಗೆ ಕಾಣುತ್ತದೆ. ಕಸುಬು ಬಲ್ಲ ವಾಚ್ ರಿಪೇರಿಯವರು ಅದನ್ನು ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಮತ್ತೆ ಜೋಡಿಸಬಲ್ಲರು. ಅದಕ್ಕೆ ತಯಾರಕರ ಅನುಮತಿ ಬೇಕಿಲ್ಲ. ಸ್ಮಾರ್ಟ್‌ವಾಚಿನ ಕಥೆಯೇ ಬೇರೆ. ಅದರ ಲಿಥಿಯಂ ಬ್ಯಾಟರಿ ವರ್ಷ ಕಳೆದಂತೆ ಸೊರಗುತ್ತದೆ. ಹಲವು ಮಾದರಿಗಳಲ್ಲಿ ಅದನ್ನು ಬದಲಿಸಲು ಅಂಟು ಬಿಡಿಸಿಯೇ ತೆರೆಯಬೇಕು. ಕಂಪೆನಿ ಹೊಸ ತಂತ್ರಾಂಶ ಕಳಿಸುವುದನ್ನು ನಿಲ್ಲಿಸಿದರೆ ಗಟ್ಟಿಮುಟ್ಟಾದ ವಾಚೂ ಮೂಲೆ ಸೇರುತ್ತದೆ. ಅದು ನಾಡಿಬಡಿತ ಎಣಿಸುತ್ತದೆ, ನಿಜ. ಓದಲು ಕುಳಿತ ಮಗಳ ಮಣಿಕಟ್ಟಿನ ಮೇಲೆ ಗಳಿಗೆಗೊಮ್ಮೆ ಗುಂಯ್‌ಗುಟ್ಟಿ ಗಮನ ಕೆಡಿಸುವುದೂ ಅದೇ.

ಆದ್ದರಿಂದ, ಅಂಗಡಿಯಲ್ಲಿ ‘ಇದರಲ್ಲಿ ಏನೇನಿದೆ?’ ಎಂದು ಕೇಳುವ ಮುನ್ನ ತಂದೆತಾಯಿ, ಮಕ್ಕಳು ಕೂಡಿ ಮೂರು ಪ್ರಶ್ನೆ ಹಾಕಿಕೊಳ್ಳಲಿ. ನಮಗೆ ಇದರಿಂದ ಆಗಬೇಕಾದ ಕೆಲಸ ಯಾವುದು? ಕೆಟ್ಟರೆ ನಮ್ಮ ಊರಿನಲ್ಲೇ ರಿಪೇರಿ ಆಗುತ್ತದೆಯೇ? ತಯಾರಿಸಿದವರು ಕೈಬಿಟ್ಟ ಮೇಲೂ ಓಡುತ್ತದೆಯೇ? ಉತ್ತರ ಮನಸ್ಸಿಗೆ ಒಪ್ಪಿದರೆ ಧಾರಾಳವಾಗಿ ಹೊಸದನ್ನೇ ಕೊಳ್ಳಿ. ಒಪ್ಪದಿದ್ದರೆ ಬೀರುವಿನಲ್ಲಿ ಅಜ್ಜನ ಗಡಿಯಾರ ಇದೆಯೇ ಹುಡುಕಿ, ಎಣ್ಣೆ ಹಾಕಿಸಲು ಕೊಂಡೊಯ್ಯಿರಿ. ಜೊತೆಗೆ ಮಕ್ಕಳೂ ಇರಲಿ. ಹಲ್ಲಿನ ಚಕ್ರದ ಪಾಠ ಪುಸ್ತಕಕ್ಕಿಂತ ರಿಪೇರಿಯವರ ಮೇಜಿನ ಮುಂದೆ ಬೇಗ ತಲೆಗೆ ಹತ್ತುತ್ತದೆ.