ಕೈಪಿಡಿ ಮುಚ್ಚಿಡಿ, ಹಡಗು ಒಡೆಯಿರಿ

ಮೊನ್ನೆ ಸಹೋದ್ಯೋಗಿಯೊಬ್ಬನ ಮನೆಗೆ ಊಟಕ್ಕೆ ಹೋಗಿದ್ದೆ. ಹಾಲ್‌ನಲ್ಲಿ ಟಿವಿ ಪಕ್ಕ ಗಾಜಿನ ಶೋಕೇಸು, ಅದರೊಳಗೆ ಎಲ್‌ಇಡಿ ದೀಪ, ದೀಪದ ಕೆಳಗೆ ಲೆಗೋ ಕಡಲ್ಗಳ್ಳರ ಹಡಗು. ಹಾಯಿ, ಫಿರಂಗಿ, ಬುರುಡೆ ಬಾವುಟ ಎಲ್ಲಾ ಇತ್ತು. "ಎರಡು ವೀಕೆಂಡ್ ಹಿಡೀತು ಗುರೂ, ಪೂರ್ತಿ ನಾನೇ ಕಟ್ಟಿದ್ದು" ಅಂದ. ಹತ್ತಿರ ಹೋಗಿ ನೋಡಿ, "ಹಿಂದಿನ ಕ್ಯಾಬಿನ್ನಿನ ಕಿಟಕಿ ಇಷ್ಟು ಚಿಕ್ಕದು ಯಾಕೆ ಮಾಡಿದೆ?" ಅಂತ ಕೇಳಿದೆ. ನನ್ನ ಮುಖವನ್ನೇ ನೋಡಿದ. "ಯಾಕೆ ಅಂದ್ರೆ? ಬುಕ್ಕಲ್ಲಿ ಹಾಗೇ ಇತ್ತಲ್ಲ."

ಈ ಬರಹ ಆ ಉತ್ತರದ ವಿರುದ್ಧ.

ದೊಡ್ಡವರು ಆಟಿಕೆ ಮುಟ್ಟಬಾರದು ಅನ್ನೋ ಗುಂಪಿನವನು ನಾನಲ್ಲ. ನಮ್ಮ ಮನೆಯ ಊಟದ ಮೇಜಿನ ಅರ್ಧ ಭಾಗ ನಾಲ್ಕು ವರ್ಷದಿಂದ ಹಡಗುಕಟ್ಟೆಯಾಗಿದೆ, ಉಳಿದರ್ಧದಲ್ಲಿ ನಾವು ಊಟ ಮಾಡ್ತೀವಿ. ಪೆಟ್ಟಿಗೆ ತಂದು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಹೇಳಿದಂತೆ ಒತ್ತಿ, ಫೋಟೋ ಹಾಕಿ, ಅದನ್ನು "ಕ್ರಿಯೇಟಿವ್ ಹಾಬಿ" ಅಂತೀವಲ್ಲ, ನನ್ನ ತಕರಾರು ಅದರ ಮೇಲೆ. ಜೋಡಿಸಿದೆ ಅನ್ನಿ, ಒಪ್ತೀನಿ. ಕಟ್ಟಿದೆ ಅನ್ನಬೇಡಿ.

ಒಂದು ಲೆಕ್ಕ ನೋಡಿ. ಎಂಟು ಗುಬುಟಿನ ಒಂದೇ ಬಣ್ಣದ ಸಾಮಾನ್ಯ ಬ್ರಿಕ್ 6 ಇದ್ದರೆ ಅವನ್ನು 91,51,03,765 ರೀತಿಯಲ್ಲಿ ಜೋಡಿಸಬಹುದು. ಬರೀ ಆರು ಬ್ರಿಕ್‌ಗೆ ಇಷ್ಟು! 2020ರಲ್ಲಿ ಬಂದ 'ಪೈರೇಟ್ಸ್ ಆಫ್ ಬರಾಕುಡಾ ಬೇ' ಪೆಟ್ಟಿಗೆಯಲ್ಲಿ 2,545 ತುಂಡುಗಳಿವೆ. ಅದರ ಜೊತೆಗಿನ ಪುಸ್ತಕ ತೋರಿಸೋದು ಒಡೆದ ಹಡಗಿನ ದ್ವೀಪವನ್ನು, ಮತ್ತೆ ಅದನ್ನೇ ಬದಲಿಸಿ ಕಟ್ಟುವ ಹಡಗನ್ನು. ಮಿಕ್ಕ ಕೋಟ್ಯಂತರ ಸಾಧ್ಯತೆಗಳನ್ನು ಗಾಜಿನೊಳಗಿಟ್ಟು ದೀಪ ಹಾಕ್ತೀವಿ. ತಮಾಷೆ ಅಂದ್ರೆ, ಆ ಪೆಟ್ಟಿಗೆ ಹುಟ್ಟಿದ್ದೇ ಒಬ್ಬ ಅಭಿಮಾನಿ ತಾನೇ ವಿನ್ಯಾಸ ಮಾಡಿದ ಮಾದರಿಯಿಂದ. 10,000 ಜನ ಬೆಂಬಲಿಸಿದ ಮೇಲೆ ಕಂಪನಿ ಅದನ್ನು ಎತ್ತಿಕೊಂಡಿತು. ಅವನೂ "ಬುಕ್ಕಲ್ಲಿ ಹಾಗೇ ಇತ್ತಲ್ಲ" ಅಂದಿದ್ದರೆ ಬುಕ್ಕೇ ಇರ್ತಿರಲಿಲ್ಲ.

ಹಿಂದೆ ಹೀಗಿರಲಿಲ್ಲ. ಲೆಗೋದ ಕಡಲ್ಗಳ್ಳರ ಸರಣಿ ಶುರುವಾಗಿದ್ದು 1989ರಲ್ಲಿ. ಆ ಕಾಲದ ಪೆಟ್ಟಿಗೆಗಳ ಹಿಂಬದಿ ನೋಡಿ. ಅದೇ ತುಂಡುಗಳಿಂದ ಕಟ್ಟಿದ ಬೇರೆ ಮಾದರಿಗಳ ಫೋಟೋ ಇರುತ್ತಿತ್ತು, ಕಟ್ಟುವ ವಿಧಾನ ಮಾತ್ರ ಎಲ್ಲೂ ಇರುತ್ತಿರಲಿಲ್ಲ. ಅದು ಮಕ್ಕಳಿಗೆ ಹಾಕಿದ ಸವಾಲು: ಹೀಗೂ ಆಗುತ್ತೆ, ಹೇಗೆ ಅಂತ ನೀನೇ ಕಂಡುಹಿಡಿ. ಎಂಟು ವರ್ಷದ ಮಕ್ಕಳು ಎದುರಿಸಿದ ಪ್ರಶ್ನೆಯಿಂದ ಮೂವತ್ತೆಂಟರ ಟೆಕ್ ಲೀಡ್‌ಗಳು ತಪ್ಪಿಸಿಕೊಳ್ತಿದ್ದೀವಿ.

ಅದರಲ್ಲೂ ಕಡಲ್ಗಳ್ಳರ ಹಡಗನ್ನು ಪುಟಸಂಖ್ಯೆ ನೋಡಿ ಕಟ್ಟೋದಾ? ಇತಿಹಾಸ ಸ್ವಲ್ಪ ತಿರುವಿ ಹಾಕಿ. ಕಡಲ್ಗಳ್ಳರು ಹೊಸ ಹಡಗು ಕಟ್ಟಿಸಿಕೊಂಡಿದ್ದು ಕಡಿಮೆ. ಬೇರೆಯವರದ್ದನ್ನು ಹಿಡಿದು, ಒಳಗಿನ ಗೋಡೆ ಕಿತ್ತು, ಫಿರಂಗಿಗೆ ಜಾಗ ಮಾಡಿ ತಮ್ಮದಾಗಿಸಿಕೊಳ್ಳುತ್ತಿದ್ದರು. ಬ್ಲ್ಯಾಕ್‌ಬಿಯರ್ಡ್‌ನ 'ಕ್ವೀನ್ ಆನ್ಸ್ ರಿವೆಂಜ್' ಮೊದಲು 'ಲಾ ಕಾಂಕಾರ್ಡ್' ಅನ್ನೋ ಫ್ರೆಂಚ್ ಗುಲಾಮರ ಹಡಗಾಗಿತ್ತು. 1717ರಲ್ಲಿ ಅದನ್ನು ಹಿಡಿದ, ಫಿರಂಗಿ ಹೆಚ್ಚಿಸಿದ, ಹೆಸರು ಬದಲಿಸಿದ. ಅಂದರೆ ಕಡಲ್ಗಳ್ಳರ ಹಡಗು ಅಂದ್ರೇನೇ ಇನ್ನೊಬ್ಬರ ಹಡಗನ್ನು ಬಿಚ್ಚಿ ಬದಲಿಸಿದ ಹಡಗು. ಪೆಟ್ಟಿಗೆ ಕೊಂಡಿರಾ? ಸಂತೋಷ, ಹಡಗು ನಿಮ್ಮ ಕೈಗೆ ಸಿಕ್ಕಿತು. ಕಳ್ಳರ ಕೆಲಸ ಶುರುವಾಗೋದು ಅಲ್ಲಿಂದ.

ನನ್ನ ಮೊದಲ ಹಡಗಿನ ಕಥೆ ಹೇಳ್ತೀನಿ. ಉದ್ದ 62 ಗುಬುಟು, ಅಂದರೆ ಸುಮಾರು ಅರ್ಧ ಮೀಟರ್. ಸೆಟ್‌ಗಳಲ್ಲಿ ಒಡಲಿಗೆ ಅಂತ ಅಚ್ಚು ಹಾಕಿದ ದೊಡ್ಡ ತುಂಡುಗಳು ಬರುತ್ತವೆ. ನಾನು ಅವನ್ನು ಬಿಟ್ಟು, ಒಡಲನ್ನೂ ಚಿಕ್ಕ ತುಂಡುಗಳಿಂದಲೇ ಕಟ್ಟೋಣ ಅಂದುಕೊಂಡೆ. ಎರಡು ತಿಂಗಳು ಕೂತೆ. ಮುಗಿಯಿತು ಅಂತ ಹೆಂಡತಿಯನ್ನು ಕರೆದು, ಹಡಗಿನ ನಡು ಹಿಡಿದು ಮೇಲೆತ್ತಿದೆ. ಮೂತಿ ಒಂದು ಕಡೆ, ಬಾಲ ಒಂದು ಕಡೆ ಬಾಗಿ, ಲಟಕ್ ಅಂತ ಎರಡು ತುಂಡು. ಆಮೇಲೆ ಓದಿದಾಗ ಗೊತ್ತಾಯ್ತು, ನಿಜವಾದ ಮರದ ಹಡಗುಗಳಿಗೂ ಇದೇ ಕಾಯಿಲೆ ಇತ್ತು ಅಂತ. ನಡುವನ್ನು ನೀರು ಎತ್ತಿ ಹಿಡಿಯುತ್ತೆ, ಚೂಪಾದ ಎರಡು ತುದಿಗಳಿಗೆ ಅಷ್ಟು ಆಸರೆ ಸಿಗೋದಿಲ್ಲ, ಬರಬರುತ್ತಾ ಹಡಗಿನ ಬೆನ್ನು ಗೂನಾಗುತ್ತೆ. ಇಂಗ್ಲಿಷ್‌ನಲ್ಲಿ ಅದಕ್ಕೆ 'ಹಾಗಿಂಗ್' ಅಂತಾರೆ. ಎರಡನೇ ಸಲ ಮೊದಲು ಬೆನ್ನೆಲುಬು ಹಾಕಿದೆ: ಟೆಕ್ನಿಕ್ ತೊಲೆಗಳನ್ನು ಒಂದರ ಸಂದಿಯ ಮೇಲೆ ಇನ್ನೊಂದರ ನಡು ಬರುವಂತೆ ಎರಡು ಸಾಲು ಜೋಡಿಸಿ, ಪಿನ್ ಬಡಿದೆ. ನಿಂತಿತು.

ದೊಡ್ಡ ಸೆಟ್‌ಗಳಲ್ಲೂ ಇಂಥ ತೊಲೆಗಳು ಹೊಟ್ಟೆಯೊಳಗೆ ಇರುತ್ತವೆ. ಕೈಪಿಡಿ ಯಾವುದೋ ಒಂದು ಹಂತದಲ್ಲಿ "ಇದನ್ನು ಇಲ್ಲಿಡು" ಅಂತ ತೋರಿಸುತ್ತೆ, ನಾವು ಇಡ್ತೀವಿ. ಯಾಕೆ ಅಂತ ಅದು ಹೇಳೋದಿಲ್ಲ, ನಾವೂ ಕೇಳೋದಿಲ್ಲ. ಹಡಗು ಮುರಿಯೋದೇ ಇಲ್ಲ, ಹಾಗಾಗಿ ನಮಗೆ ಏನೂ ಗೊತ್ತಾಗೋದೂ ಇಲ್ಲ.

ಇನ್ನೊಂದು ಉದಾಹರಣೆ. ಎರಡು ಗುಬುಟುಗಳ ನಡುವಿನ ಅಂತರ 8 ಮಿಲಿಮೀಟರ್. ಬ್ರಿಕ್‌ನ ಎತ್ತರ 9.6, ತೆಳು ಪ್ಲೇಟಿನ ಎತ್ತರ 3.2. ಐದು ಪ್ಲೇಟು ಪೇರಿಸಿದರೆ 16 ಮಿಲಿಮೀಟರ್, ಅಂದರೆ ಸರಿಯಾಗಿ ಎರಡು ಗುಬುಟಿನ ಅಗಲ. ಈ ಒಂದು ಸಮೀಕರಣ ಸಿಕ್ಕರೆ ಬ್ರಿಕ್‌ಗಳನ್ನು ಪಕ್ಕಕ್ಕೆ ಮಲಗಿಸಿ ಕಟ್ಟಬಹುದು, ಹಡಗಿನ ಹೊಟ್ಟೆಗೆ ಹಲಗೆ ಹೊಡೆದ ಹಾಗೆ ನುಣುಪಾದ ಗೋಡೆ ಮಾಡಬಹುದು. ಇದನ್ನು ಯಾವ ಪುಟದಲ್ಲೂ ಓದಿ ಕಲಿಯಲಿಲ್ಲ. ಒಂದು ಭಾನುವಾರ ರಾತ್ರಿ ಹನ್ನೊಂದಕ್ಕೆ, ಕೂದಲೆಳೆಯಷ್ಟು ಸಂದಿ ಉಳಿದು ತಲೆಕೆಟ್ಟಾಗ, ಸ್ಕೇಲು ಹಿಡಿದು ಅಳೆದು ಕಂಡುಕೊಂಡೆ. ಲೋಕಕ್ಕೆಲ್ಲ ಮೊದಲೇ ಗೊತ್ತಿದ್ದ ವಿಷಯ, ನಿಜ. ಆದರೂ ಆ ರಾತ್ರಿಯ ಖುಷಿಯಲ್ಲಿ ಏನೂ ಕಮ್ಮಿಯಾಗಲಿಲ್ಲ.

ಇದೆಲ್ಲಾ ಆಟಿಕೆ ವಿಷಯ, ಇಷ್ಟು ಸಿಟ್ಟು ಯಾಕೆ ಅಂತೀರಾ? ನಾವು ಲ್ಯಾಬ್ ರೆಕಾರ್ಡ್ ಬರೆದ ಪೀಳಿಗೆ ಕಣ್ರೀ. ಬಿಇಯಲ್ಲಿ ಸೀನಿಯರ್ ರೆಕಾರ್ಡ್ ಎದುರಿಗಿಟ್ಟುಕೊಂಡು ಗ್ರಾಫನ್ನೂ ನಕಲು ಮಾಡಿದವರು. ರೀಡಿಂಗ್ ತಪ್ಪಿದರೆ, ಬರಬೇಕಾದ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗನ್ನೇ ತಿದ್ದಿದವರು. ನಾನೂ ಮಾಡಿದ್ದೀನಿ, ಒಳ್ಳೆ ಮಾರ್ಕ್ಸೂ ಬಂತು. ಈಗ ಆಫೀಸಿನಲ್ಲಿ ಬೇರೆಯವರು ಬರೆದ ಟಿಕೆಟ್ಟು, ಬೇರೆಯವರು ಬರೆದ ಕೋಡು, ಕಾಪಿ, ಪೇಸ್ಟು. ಅನ್ನ ಕೊಡೋ ಕೆಲಸ, ಬೈಯೋದಿಲ್ಲ. ಆದರೆ ಯಾರೂ ಮಾರ್ಕ್ಸ್ ಕೊಡದ, ಯಾರೂ ಡೆಡ್‌ಲೈನ್ ಹಾಕದ ಒಂದೇ ಒಂದು ಮೇಜು ಮನೆಯಲ್ಲಿದೆ. ಅಲ್ಲೂ ಕೂತು ಇನ್ನೊಂದು ರೆಕಾರ್ಡ್ ಬರೀಬೇಕಾ?

ನೀವು ಏನೇನು ಹೇಳ್ತೀರಿ ಅಂತ ಗೊತ್ತು. "ವಾರವಿಡೀ ತಲೆ ಓಡಿಸಿ ಸಾಕಾಗಿರುತ್ತೆ, ಮನೆಯಲ್ಲಾದರೂ ಸುಮ್ಮನೆ ಹೇಳಿದ್ದನ್ನು ಮಾಡೋಣ ಅನಿಸುತ್ತೆ." ಇದು ಪ್ರಾಮಾಣಿಕ ಮಾತು, ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಜಪಮಾಲೆ ತಿರುಗಿಸಿದ ಹಾಗೆ ಪುಟ ತಿರುಗಿಸೋದರಲ್ಲೂ ನೆಮ್ಮದಿ ಇದೆ. ಆ ನೆಮ್ಮದಿ ತಗೊಳ್ಳಿ. ಆದರೆ ಮುಗಿದ ಮಾರನೇ ವಾರ?

"ಅಷ್ಟು ದುಡ್ಡು ಕೊಟ್ಟು ತಂದಿದ್ದನ್ನು ಒಡೆಯೋದಾ?" ದುಬಾರಿ, ನಿಜ. ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ 20ರಿಂದ 60 ಪರ್ಸೆಂಟ್‌ಗೆ ಏರಿಸಿದರು, 2023ರಲ್ಲಿ 70 ಮಾಡಿದರು. ಅದಕ್ಕೇ ಹೇಳ್ತಿರೋದು, ಒಂದೇ ಪೆಟ್ಟಿಗೆಯಿಂದ ಹತ್ತು ಹಡಗು ತೆಗೀರಿ. ಸೀಲ್ ಒಡೆಯದೆ ಬೀರುವಿನಲ್ಲಿಟ್ಟು "ಇನ್ವೆಸ್ಟ್‌ಮೆಂಟ್" ಅನ್ನೋರ ಜೊತೆ ನಾನು ವಾದ ಮಾಡೋದಿಲ್ಲ. ಅವರಿಗೆ ಬೇಕಾಗಿರೋದು ಚಿನ್ನ, ಅಂಗಡಿ ತಪ್ಪಿ ಬಂದಿದ್ದಾರೆ.

"ನನಗೆ ಕ್ರಿಯೇಟಿವಿಟಿ ಇಲ್ಲ." ಯಾರಿಗಿದೆ? ನನ್ನ ಮೊದಲ ಹಡಗು ಸೋಪಿನ ಡಬ್ಬಿಗೆ ಹಾಯಿ ಕಟ್ಟಿದ ಹಾಗಿತ್ತು. ಸಣ್ಣದರಿಂದ ಶುರು ಮಾಡಿ. ಅಚ್ಚಿನ ಒಡಲಿದ್ದರೆ ನಡುವಿನ ತುಂಡು ಇನ್ನೊಂದು ಸೇರಿಸಿ, ಹಡಗು ಉದ್ದವಾಗುತ್ತೆ. ಉದ್ದವಾದ ಕೂಡಲೇ ಹಾಯಿಕಂಬ ಗಿಡ್ಡ ಅನಿಸುತ್ತೆ, ಎತ್ತರಿಸಿದರೆ ಹಾಯಿ ಸಾಲೋದಿಲ್ಲ, ಹಳೇ ಪಂಚೆ ಹರಿದು ಹೊಲಿಯಬೇಕಾಗುತ್ತೆ. ಒಂದು ಪ್ರಶ್ನೆ ಇನ್ನೊಂದನ್ನು ಎಳೆದು ತರುತ್ತೆ. ವಿನ್ಯಾಸ ಅಂದರೆ ಇಷ್ಟೇ. ಸ್ಟುಡಿಯೋ ಅನ್ನೋ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತೆ, ಮೊದಲು ಅದರಲ್ಲಿ ಕಟ್ಟಿ ನೋಡಬಹುದು. ಆದರೆ ತೆರೆಯ ಮೇಲಿನ ಹಡಗಿನ ತೂಕ ಕೈಗೆ ಗೊತ್ತಾಗೋದಿಲ್ಲ, ಲಟಕ್ ಅನ್ನೋ ಸದ್ದೂ ಕೇಳೋದಿಲ್ಲ. ಬೇಗ ಮೇಜಿಗೆ ಬನ್ನಿ.

ಲೆಗೋ ಶುರು ಮಾಡಿದವನು ಡೆನ್ಮಾರ್ಕಿನ ಒಬ್ಬ ಬಡಗಿ. ಹೆಸರು ಬಂದಿದ್ದು "ಚೆನ್ನಾಗಿ ಆಡು" ಅನ್ನೋ ಅರ್ಥದ ಎರಡು ಡೇನಿಷ್ ಪದಗಳಿಂದ. ಚೆನ್ನಾಗಿ ಜೋಡಿಸು ಅಂತ ಅವನು ಹೆಸರಿಡಲಿಲ್ಲ.

ಸಹೋದ್ಯೋಗಿಗೆ ಅವತ್ತು ಇಷ್ಟೆಲ್ಲಾ ಹೇಳಲಿಲ್ಲ, ಅವರ ಮನೆ ಊಟ ಮಾಡಿದ್ದೆ. ಹೊರಡುವಾಗ ಇಷ್ಟೇ ಅಂದೆ: "ಆ ಕಿಟಕಿ ದೊಡ್ಡದು ಮಾಡಿ ನೋಡು." ಮೊನ್ನೆ ಸೋಮವಾರ ರಾತ್ರಿ ಒಂದು ಗಂಟೆಗೆ ಮೆಸೇಜ್ ಬಂತು. ಕಿಟಕಿ ದೊಡ್ಡದು ಮಾಡಲು ಹೋಗಿ ಕ್ಯಾಬಿನ್ನಿನ ಚಾವಣಿ ಕುಸಿದಿದೆಯಂತೆ. ಕೆಳಗೆ ಒಂದು ಪ್ರಶ್ನೆ: "ಭಾರ ಎಲ್ಲಿಗೆ ಇಳಿಸಬೇಕು ಗುರೂ?"

ಉತ್ತರ ಗೊತ್ತಿತ್ತು. ಬೇಕಂತಲೇ ಕಳಿಸಲಿಲ್ಲ.