ಕಳವಿಗೂ ಅಳತೆಗೋಲುಂಟು

ಲಂಚವನ್ನು ಅಳೆಯುವುದು ಹೇಗೆ, ಕದ್ದವನು ರಸೀದಿ ಕೊಡುತ್ತಾನೆಯೇ ಎಂದು ಕೇಳಿ ಕೈತೊಳೆದುಕೊಳ್ಳುವ ಪಂಡಿತರ ಮಾತನ್ನು ನಾನು ಒಪ್ಪುವುದಿಲ್ಲ. ಆ ಮಾತು ಕಳ್ಳನಿಗೆ ಹೊದಿಸಿದ ಕಂಬಳಿ.

ಬೆಂಜಮಿನ್ ಓಲ್ಕೆನ್ ಎಂಬ ಅರ್ಥಶಾಸ್ತ್ರಜ್ಞರು ಇಂಡೋನೇಷ್ಯಾದ ಜಾವಾದಲ್ಲಿ ಮಾಡಿದ್ದನ್ನು ನೋಡಿ. 600ಕ್ಕೂ ಹೆಚ್ಚು ಹಳ್ಳಿಗಳ ಹೊಸ ರಸ್ತೆಗಳನ್ನು ಇಂಜಿನಿಯರರಿಂದ ಅಗೆಸಿ, ನಿಜವಾಗಿ ಬಿದ್ದ ಕಲ್ಲು, ಮರಳು ಎಷ್ಟೆಂದು ಲೆಕ್ಕ ಹಿಡಿದರು. ಅಂಗಡಿಗಳಲ್ಲಿ ದರ ವಿಚಾರಿಸಿದರು. ಸಹಜವಾಗಿ ಸೋರುವ ಸಾಮಗ್ರಿ ಎಷ್ಟೆಂದು ತಿಳಿಯಲು ತಾವೇ ಚಿಕ್ಕ ರಸ್ತೆಗಳನ್ನೂ ಕಟ್ಟಿಸಿದರು. (ಇಷ್ಟು ನ್ಯಾಯ ಕಳ್ಳನಿಗೂ ಸಲ್ಲಬೇಕು!) ಕಾಗದದ ಖರ್ಚಿನಲ್ಲಿ ನೂರಕ್ಕೆ ಸುಮಾರು 24 ಕಾಣೆಯಾಗಿತ್ತು.

ಸರಕಾರಿ ತಪಾಸಣೆಯ ಸಂಭವ ಮೊದಲು ನೂರಕ್ಕೆ 4 ಇತ್ತು. ಕೆಲವು ಹಳ್ಳಿಗಳಿಗೆ ಖಂಡಿತ ಬರುತ್ತೇವೆಂದು ಮೊದಲೇ ತಿಳಿಸಿದಾಗ ಸೋರಿಕೆ 8 ಅಂಶ ಇಳಿಯಿತು. ಬೇರೆ ಕಡೆ ನೂರಾರು ಆಹ್ವಾನ ಹಂಚಿ ಸಭೆಗೆ ಜನ ಸೇರಿಸಿದರು. ಜನ ಬಂದರು, ಮಾತಾಡಿದರು. ಒಟ್ಟು ಕಳವು ಹೆಚ್ಚೇನೂ ತಗ್ಗಲಿಲ್ಲ. ಕೂಲಿಯ ಲೆಕ್ಕದಲ್ಲಿ ಮಾತ್ರ ತಗ್ಗಿತು, ಅದು ಹಳ್ಳಿಗರ ಹೊಟ್ಟೆಗೇ ತಟ್ಟುವಂಥದು. ಮಣ್ಣಡಿಯ ಕಲ್ಲನ್ನು ಎಣಿಸುವವರಾರು?

ಶರಣಬಂಧುಗಳೇ, ಸಮಾವೇಶದಲ್ಲಿ ಭ್ರಷ್ಟಾಚಾರ ವಿರೋಧಿ ಪ್ರತಿಜ್ಞೆ ಬೋಧಿಸಿ ಚಪ್ಪಾಳೆ ತಟ್ಟುವ ನಮಗೆ ಇದು ಕಹಿ. ನುಂಗಲೇಬೇಕು. 2005ರ ಮಾಹಿತಿ ಹಕ್ಕು ಕಾಯ್ದೆ ಕೊಡುವುದು ಕಡತ ನೋಡುವ ಹಕ್ಕನ್ನಷ್ಟೇ ಅಲ್ಲ. ಕಾಮಗಾರಿ ಪರಿಶೀಲಿಸುವ, ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕನ್ನೂ ಕೊಟ್ಟಿದೆ. ಮುಂದಿನ ಸಮಾವೇಶಕ್ಕೆ ಮುನ್ನ ಅಂಥದೊಂದು ಅರ್ಜಿ ಬರೆಯೋಣ. ನಮ್ಮ ಮಠದ ಮುಂದಿನ ರಸ್ತೆಯಿಂದಲೇ ಆರಂಭವಾಗಲಿ, ಗುತ್ತಿಗೆದಾರ ನಮ್ಮ ಭಕ್ತನೇ ಆಗಿದ್ದರೂ ಸರಿ.