ಪರದೆಯಲ್ಲಿ ಕಾಣದ್ದು

ಬಸವನಗುಡಿ, ಮಲ್ಲೇಶ್ವರಗಳ ಅಶ್ವತ್ಥಕಟ್ಟೆಗಳಲ್ಲಿ ನಾಗರಕಲ್ಲುಗಳ ಪ್ರದಕ್ಷಿಣೆ ಇಂದಿಗೂ ನಿಂತಿಲ್ಲ. ಸುತ್ತುವವಳು ಸೊಸೆ, ಸುತ್ತು ಎಣಿಸುವವರು ಅತ್ತೆ. ಮದುವೆಯಾಗಿ ವರುಷವೆರಡಾದರೂ ತೊಟ್ಟಿಲು ಕಟ್ಟದ ಮನೆಗಳಲ್ಲಿ ಈಗ ಈ ಸುತ್ತಿನ ಜೊತೆಗೆ ಇನ್ನೊಂದು ಸೇರಿದೆ: ಗರ್ಭಕೋಶದ ಸ್ಕ್ಯಾನಿಂಗ್.

ಇದಕ್ಕೆ ಅಂಜಬೇಕಾದುದಿಲ್ಲ. ಇದು ಎಕ್ಸ್‌ರೇ ಅಲ್ಲ. ಕಿವಿಗೆಟುಕದ ಶಬ್ದದ ಅಲೆಗಳು ಒಳಹೊಕ್ಕು, ಮಾರ್ದನಿಯಾಗಿ ಮರಳಿ, ಪರದೆಯ ಮೇಲೆ ಚಿತ್ರವಾಗುತ್ತವೆ. ಗ್ಲಾಸ್ಗೋ ನಗರದ ವೈದ್ಯ ಇಯಾನ್ ಡೊನಾಲ್ಡರೂ ಅವರ ಸಂಗಡಿಗರೂ 1958ರಲ್ಲಿ ಇದನ್ನು ವೈದ್ಯಲೋಕದ ಮುಂದಿಟ್ಟರು. ಹೊಟ್ಟೆಯ ಮೇಲಿನಿಂದ ನೋಡುವುದಾದರೆ ಮೂತ್ರಕೋಶ ತುಂಬಿರಬೇಕು. ಲೋಟದ ಮೇಲೆ ಲೋಟ ನೀರು ಕುಡಿದು, ಹೆಸರು ಕೂಗುವ ದಾದಿಯ ದಾರಿ ಕಾಯುವ ಆ ಅರ್ಧ ಗಂಟೆಯೇ ನಿಜವಾದ ಕಷ್ಟ. ಯೋನಿಮಾರ್ಗದಿಂದ ನೋಡುವ ಕ್ರಮಕ್ಕೆ ಅದೂ ಬೇಡ. ಗರ್ಭಕೋಶದ ಆಕಾರ, ಗಡ್ಡೆ, ಒಳಪೊರೆಯ ದಪ್ಪ ತಿಳಿಯುತ್ತವೆ. ಅಂಡಾಶಯದ ಕೋಶಕವು ಸುಮಾರು 20 ಮಿಲಿಮೀಟರು ಬೆಳೆದು ಅಂಡವನ್ನು ಬಿಡುವ ಹೊತ್ತನ್ನೂ ಅಂದಾಜು ಮಾಡಬಹುದು. ಅಂಡನಾಳಗಳು ತೆರೆದಿವೆಯೇ ಎಂಬುದನ್ನು ತಿಳಿಯಲು ಬೇರೆ ಪರೀಕ್ಷೆ ಬೇಕು.

ಈ ಪರದೆಯಲ್ಲಿ ಎಂದಿಗೂ ಕಾಣದವನೊಬ್ಬನಿದ್ದಾನೆ, ಪತಿರಾಯ. ಮಕ್ಕಳಾಗದ ದಂಪತಿಗಳಲ್ಲಿ ಮೂರರಲ್ಲೊಂದು ಪಾಲಿಗಾದರೂ ಗಂಡನ ಕಡೆಯ ಕಾರಣವೂ ಇರುತ್ತದೆ. ಅವನ ವೀರ್ಯಪರೀಕ್ಷೆಗೆ ಸೂಜಿಯಿಲ್ಲ, ನೋವಿಲ್ಲ; ವೈದ್ಯರು ಅದನ್ನು ಮೊದಲಲ್ಲಿಯೇ ಬರೆದುಕೊಡುತ್ತಾರೆ. ಆದರೆ ಎಷ್ಟೋ ಮನೆಗಳಲ್ಲಿ, “ನಮ್ಮ ಹುಡುಗನಿಗೇನಾಗಿದೆ? ಕಲ್ಲುಗುಂಡಿನಂತಿದ್ದಾನೆ!” ಎಂಬ ಮಾತು ನಡುಮನೆಯಿಂದ ತೇಲಿಬಂದೊಡನೆ ಸೊಸೆ ಸುಮ್ಮನಾಗುತ್ತಾಳೆ. ಆಕೆಯ ಮೂರನೆಯ ಸ್ಕ್ಯಾನಿಂಗಿನ ವೇಳೆಗೆ ಆ ಚೀಟಿ ಅವನ ಆಫೀಸಿನ ಚೀಲದಲ್ಲಿ ನಾಲ್ಕು ಮಡಿಕೆಯಾಗಿ ಸವೆದಿರುತ್ತದೆ.